28 ಮನೆ, 31 ಕ್ಯಾಮೆರಾ, ಒಂದು ಹಲಸು

ನಮ್ಮ ಬಿಲ್ಡಿಂಗಿನಲ್ಲಿ ಮನೆ 28, ಕ್ಯಾಮೆರಾ 31. ಮಂಗಳೂರಿನ ಬಿಜೈ ಕಡೆಯ ಈ ಕಟ್ಟಡಕ್ಕೆ ಬೇಸಿಗೆಯಲ್ಲಿ ನೀರು ಬರುವುದು ಎರಡು ದಿನಕ್ಕೊಮ್ಮೆ. ಕ್ಯಾಮೆರಾಕ್ಕೆ ಮಾತ್ರ ರಜೆ ಇಲ್ಲ. "ಸೇಫ್ಟಿ ಮಾರಾಯ್ರೆ, ಸೇಫ್ಟಿ" ಎನ್ನುತ್ತಾರೆ ನಮ್ಮ ಅಧ್ಯಕ್ಷರು. ಅಧ್ಯಕ್ಷರು ಎಂದರೆ ಫ್ಲ್ಯಾಟಿನವರ ಸಂಘದ ಅಧ್ಯಕ್ಷರು, ಅಷ್ಟೆ. ಆ 'ಅಷ್ಟೆ' ಅವರಿಗೆ ಆಗಾಗ ಮರೆತುಹೋಗುತ್ತದೆ.

ಮೊನ್ನೆ ಮೇ ತಿಂಗಳಲ್ಲಿ ಹಿಂದಿನ ಕಂಪೌಂಡಿನ ಹಲಸಿನಹಣ್ಣು ಕಾಣೆಯಾಯಿತು. ಈ ಸಲ ಮರ ಬಿಟ್ಟದ್ದೇ ಒಂದು. ಒಳ್ಳೆ ತುಳುವ ಹಲಸು, ಎಂದರೆ ಮೆತ್ತಗಿನ ಜಾತಿ. ಸೊಳೆ ತಿನ್ನುವುದಕ್ಕಿಂತ ಗಟ್ಟಿ, ಅಂದರೆ ಬಾಳೆ ಎಲೆಯಲ್ಲಿ ಬೇಯಿಸುವ ಕಡುಬು, ಮಾಡಲಿಕ್ಕೆ ಲಾಯ್ಕು. ಹಣ್ಣಾದ ಮೇಲೆ 28 ಪಾಲು ಮಾಡುವುದೆಂದು ಜನರಲ್ ಬಾಡಿಯಲ್ಲೇ ತೀರ್ಮಾನ ಆಗಿತ್ತು. ಬೆಳಿಗ್ಗೆ ನೋಡಿದರೆ ಮರದಲ್ಲಿ ಬರೀ ತೊಟ್ಟು. ಅದರಿಂದ ಮೇಣ ಇಳಿಯುತ್ತಿತ್ತು.

ನಿಜ ಹೇಳಬೇಕೆಂದರೆ ನಮಗೆಲ್ಲ ಒಳಗೊಳಗೇ ಖುಷಿಯಾಯಿತು. ಕ್ಯಾಮೆರಾ ಹಾಕಿಸಿ ಮೂರು ವರ್ಷ. ಒಬ್ಬ ಕಳ್ಳನೂ ಇತ್ತ ತಲೆ ಹಾಕಿರಲಿಲ್ಲ. ಕೊನೆಗೂ ಒಬ್ಬ ಬಂದ. ಫೂಟೇಜ್ ನೋಡಲು ಹತ್ತು ಜನ ಸೇರಿದೆವು, ಕ್ರಿಕೆಟ್ ಮ್ಯಾಚಿಗೆ ಸೇರಿದ ಹಾಗೆ. ಪರದೆ ಕಪ್ಪು. ಏಪ್ರಿಲ್ ಕೊನೆಯ ಸಿಡಿಲಿಗೆ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಸುಟ್ಟುಹೋಗಿತ್ತು. ಮಳೆಗಾಲಕ್ಕೆ ಮೊದಲು ಬರುವ ಸಿಡಿಲು ಮೋಡೆಮ್, ಟಿವಿ ಯಾವುದನ್ನೂ ಬಿಡುವುದಿಲ್ಲ ಎಂದು ಕರಾವಳಿಯ ಮಕ್ಕಳಿಗೂ ಗೊತ್ತು. ಒಂದು ಗುಡುಗು ಕೇಳಿದರೆ ಎದ್ದು ಹೋಗಿ ಪ್ಲಗ್ ಕೀಳುವುದು ನಮಗೆ ಉಸಿರಾಡಿದಷ್ಟು ಸಹಜ. ಆದರೆ ಸೇಫ್ಟಿಯ ಪ್ಲಗ್ ಕೀಳುವವರು ಯಾರು? ಆ ರೂಮಿನ ಬೀಗದ ಕೈ ಅಧ್ಯಕ್ಷರ ಹತ್ತಿರ ಮಾತ್ರ ಇರುವುದು.

ಹಾಗಂತ ಕ್ಯಾಮೆರಾಗಳು ಮೂರು ವರ್ಷ ಸುಮ್ನೆ ಕೂತಿದ್ದವು ಎಂದುಕೊಳ್ಳಬೇಡಿ. ಮಾರ್ಚಿನಲ್ಲಿ ಸಂಘದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಕ್ಲಿಪ್ ಬಂತು. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ರಾತ್ರಿ 11.40ಕ್ಕೆ ಒಂದು ಬೈಕಿನಿಂದ ಇಳಿದು ಲಿಫ್ಟ್ ಹತ್ತುತ್ತಾಳೆ. ಅಷ್ಟೇ ಕಥೆ. ಕೆಳಗೆ ಅಧ್ಯಕ್ಷರ ಒಂದು ಸಾಲು: 'ಎಲ್ಲರ ಗಮನಕ್ಕೆ ಮಾತ್ರ.' ಆಕೆ ಆಸ್ಪತ್ರೆಯಲ್ಲಿ ನರ್ಸ್. ಶಿಫ್ಟ್ ಮುಗಿಸಿ ಬಾಡಿಗೆ ಬೈಕಿನಲ್ಲಿ ಮನೆಗೆ ಬಂದದ್ದು. ಬೈಕಿನವನ ಹೆಸರೇನು ಎಂದು ಗ್ರೂಪಿನಲ್ಲಿ ಮೂರು ಜನ ಕೇಳಿದರು. ಹೆಸರು ಯಾಕೆ ಬೇಕಾಗಿತ್ತು ಎಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2009ರ ಜನವರಿಯಲ್ಲಿ ಇಲ್ಲಿನ ಪಬ್ ಒಂದಕ್ಕೆ ಗುಂಪು ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆಗ ಪಾಪ, ಆ ಗುಂಪಿನವರು ಬಿಸಿಲಲ್ಲಿ ಅಷ್ಟು ದೂರ ಹೋಗಬೇಕಿತ್ತು. ಈಗ ಸೋಫಾದಲ್ಲಿ ಕೂತು ಝೂಮ್ ಮಾಡಿದರೆ ಸಾಕು.

ನಾನು ಗ್ರೂಪಿನಲ್ಲಿ ಒಂದೇ ಪ್ರಶ್ನೆ ಹಾಕಿದೆ: 'ಫೂಟೇಜನ್ನು ಯಾರ್ಯಾರು ನೋಡಬಹುದು?'

ಹತ್ತು ನಿಮಿಷದೊಳಗೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು ಎಂದಾಯಿತು. ವಾಟ್ಸ್‌ಆ್ಯಪ್ 2018ರಲ್ಲಿ ತಂದ ಸೌಲಭ್ಯ ಅದು. ಬಾಯಿ ಮುಚ್ಚಿಸಲು ಹಿಂದೆ ಎಷ್ಟು ಕಷ್ಟ ಇತ್ತು, ಈಗ ಒಂದು ಬಟನ್. ಆಮೇಲೆ ಅಧ್ಯಕ್ಷರ ಮೆಸೇಜು ಬಂತು: 'ಸದಸ್ಯರ ಅಭಿಪ್ರಾಯಕ್ಕೆ ಸದಾ ಸ್ವಾಗತ.' ಬರೆಯಲು ಜಾಗವೇ ಇಲ್ಲದ ಕಾರಣ ಯಾರ ವಿರೋಧವೂ ಬರಲಿಲ್ಲ. ಹೀಗೆ ಸರ್ವಾನುಮತದಿಂದ ಎಲ್ಲವೂ ಪಾಸಾಯಿತು.

ಮರುದಿನ ಲಿಫ್ಟಿನಲ್ಲಿ ಸಿಕ್ಕಿದರು. "ನಿಮ್ಮ ಮೇಲೆ ಕೋಪ ಎಂಥದೂ ಇಲ್ಲ ಮಾರಾಯ್ರೆ. ನಾಳೆ ಯಾರಾದ್ರೂ ಎಂಥದಾದ್ರೂ ಹಾಕಿದ್ರೆ ಪೊಲೀಸಿನವರು ಕರೆಯುವುದು ಅಡ್ಮಿನ್ ಅಂತ ನನ್ನನ್ನು." ಬೇರೆಯವರು ಹಾಕಿದ ಮೆಸೇಜಿಗೆ, ಬರೀ ಅಡ್ಮಿನ್ ಎಂಬ ಕಾರಣಕ್ಕೆ ಯಾರನ್ನೂ ಹೊಣೆ ಮಾಡುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ ಎಂದೆ. "ಓ, ಕೇರಳದ್ದಾ?" ಎಂದರು. ಗಡಿಯ ತಲಪಾಡಿ ಗೇಟು ದಾಟಿದರೆ ಬೇರೆ ಸಂವಿಧಾನ ಎಂಬ ಧಾಟಿಯಲ್ಲಿ. ಆನ್‌ಲೈನಿನಲ್ಲಿ ಯಾರಿಗೋ ಕಿರಿಕಿರಿ ಆಗುವಂಥದ್ದು ಬರೆದರೆ ಜೈಲು ಎನ್ನುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ಹೊಡೆದುಹಾಕಿದೆ ಎಂದು ಶುರು ಮಾಡಿದೆ. ಅಷ್ಟರಲ್ಲಿ ನೆಲಮಾಳಿಗೆ ಬಂತು. ಸಂಜೆ ನೋಟೀಸ್ ಬೋರ್ಡಿನಲ್ಲಿ ಹೊಸ ಕಾಗದ: 'ಲಿಫ್ಟಿನಲ್ಲಿ ಅನಗತ್ಯ ಚರ್ಚೆ ಬೇಡ.'

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹುಟ್ಟಿದ್ದು ಇದೇ ಊರಿನಲ್ಲಿ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಒತ್ತಿಸಿ ಹೊರತಂದದ್ದು. ಕಲ್ಲಿನಿಂದಲೂ ಆಗ ಸುದ್ದಿ ಹೊರಗೆ ಬರುತ್ತಿತ್ತು. ಈಗ 28 ಮನೆಯವರ ಕೈಯಲ್ಲೂ ಸ್ಮಾರ್ಟ್‌ಫೋನು ಇದೆ, ಆದರೆ 'ಇವತ್ತು ನೀರು ಉಂಟಾ?' ಎಂದು ಕೇಳಬೇಕಾದರೆ ವಾಚ್‌ಮನ್ ಹತ್ತಿರ ಇಳಿದು ಹೋಗಬೇಕು.

ನೋಡುವವರು, ನೋಡಿಸಿಕೊಳ್ಳುವವರು ಎಂಬ ಈ ಎರಡು ಜಾತಿ ಹೊಸತೇನಲ್ಲ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬವನಿದ್ದ. ಡಕಾಯಿತಿ ಕೇಸಿನಲ್ಲಿ ಸಾಕ್ಷಿ ಸಿಗದೆ ಬಿಡುಗಡೆಯಾದವನು. ಆದರೂ ಪೊಲೀಸರು ರಾತ್ರಿ ಹೋಗಿ ಅವನ ಬಾಗಿಲು ಬಡಿಯುತ್ತಿದ್ದರು, ಇದ್ದಾನಾ ಇಲ್ಲವಾ ನೋಡಲು. 1962ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ರಾತ್ರಿ ಹೋಗಿ ಬಾಗಿಲು ಬಡಿಯುವುದು ತಪ್ಪು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ. ಅಂದರೆ ನಿದ್ದೆ ಕೆಡಿಸಬೇಡಿ, ಬೇಕಾದರೆ ದೂರದಿಂದ ನೋಡಿಕೊಳ್ಳಿ. ಇದು ಸರಿಯಾಗಲು 55 ವರ್ಷ ಬೇಕಾಯಿತು. ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯಕ್ಕೆ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಒಂಬತ್ತು ಜನ ಒಪ್ಪಿದ್ದು ನಮ್ಮ ಅಧ್ಯಕ್ಷರೊಬ್ಬರಿಗೆ ತಲುಪಿಲ್ಲ. ಗ್ರೂಪಿನಲ್ಲಿ ಹಾಕೋಣ ಎಂದರೆ, ಹೇಳಿದೆನಲ್ಲ.

ಇನ್ನು 2023ರಲ್ಲಿ ನಮ್ಮ ವೈಯಕ್ತಿಕ ಡೇಟಾ ಕಾಯಲು ಕಾಯ್ದೆಯೇ ಬಂತು. ದಂಡ 250 ಕೋಟಿ ರೂಪಾಯಿವರೆಗೆ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಡೇಟಾ ತಗೊಳ್ಳುವ ಮೊದಲು ನಮಗೆ ಕಾರಣ ಹೇಳಬೇಕು, ನಮ್ಮ ಒಪ್ಪಿಗೆ ಕೇಳಬೇಕು ಎಂಬ ಮುಖ್ಯ ಭಾಗ ಜಾರಿಗೆ ಬರಲು ಮತ್ತೆ 18 ತಿಂಗಳ ಗಡುವು. ಆದರೆ ಅದೇ ಕಾಯ್ದೆ ಮಾಹಿತಿ ಹಕ್ಕಿಗೆ ಒಂದು ತಿದ್ದುಪಡಿ ತಂದಿತ್ತು. 'ಇದು ವೈಯಕ್ತಿಕ ಮಾಹಿತಿ' ಎಂದು ಹೇಳಿ ಕಚೇರಿಗಳು ಉತ್ತರ ಕೊಡದೆ ಕೂರಲು ಅನುಕೂಲವಾಗುವಂಥದ್ದು. ಅದಕ್ಕೆ ಗಡುವು ಇಲ್ಲ, ನಿಯಮ ಬಂದ ಹೊತ್ತಿಗೇ ಜಾರಿ. ನಮ್ಮನ್ನು ಕಾಯುವ ಬಾಗಿಲು ನಿಧಾನ, ನಾವು ಕೇಳುವ ಕಿಟಕಿ ಮಾತ್ರ ಫಟ್ ಅಂತ ಬಂದ್. ನಮ್ಮ ಅಧ್ಯಕ್ಷರನ್ನು ಸುಮ್ನೆ ಬೈದೆನೇನೋ ಅನಿಸುತ್ತದೆ. ಅವರು ಮೇಲಿನವರನ್ನು ನೋಡಿ ಕಲಿತದ್ದು.

ನಮ್ಮ ಹಳೆಯ ಓಣಿಯಲ್ಲೂ ಕಣ್ಣುಗಳು ಕಮ್ಮಿ ಇರಲಿಲ್ಲ. ಮೂಲೆಮನೆಯ ದೊಡ್ಡಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾ ಇಡೀ ಓಣಿಯನ್ನು ನೋಡುತ್ತಿದ್ದರು. ಚಪ್ಪಲಿ ಮೆಟ್ಟಿದ ಕೂಡಲೇ "ಓಡೆ ಪಿದಾಡಿನಿ?" ಎಲ್ಲಿಗೆ ಹೊರಟದ್ದು ಎಂದು ತುಳುವಿನಲ್ಲಿ ಕೇಳದೆ ಬಿಡುತ್ತಿರಲಿಲ್ಲ. ಯಾವ ಹುಡುಗ ಯಾವ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಎಂಬುದು ಸಂಜೆಯೊಳಗೆ ಅವನ ಅಪ್ಪನಿಗೆ ಗೊತ್ತಾಗುತ್ತಿತ್ತು. ಅವರು ಒಳ್ಳೆಯವರು ಎಂದು ನಾನು ಹೇಳುವುದಿಲ್ಲ, ನನಗೂ ಒಮ್ಮೆ ಅವರಿಂದ ಪೆಟ್ಟು ಬಿದ್ದಿದೆ. ಆದರೆ ಅವರಿಗೆ ತಿರುಗಿ ಕೇಳಬಹುದಿತ್ತು. "ಈರ್ ಓಡೆ ದೊಡ್ಡಮ್ಮ?" ಎಂದರೆ, ಅವರೂ ಹೇಳಬೇಕಿತ್ತು. ಅವರ ಮಗಳ ಮದುವೆಯ ಮಾತು ಎಲ್ಲಿಗೆ ಬಂತು, ಮಂಡಿನೋವಿಗೆ ಯಾವ ಎಣ್ಣೆ, ಸೊಸೆ ಯಾಕೆ ತವರಿಗೆ ಹೋದಳು, ಎಲ್ಲ ನಮಗೂ ಗೊತ್ತಿತ್ತು. ಲೆಕ್ಕ ಚುಕ್ತಾ.

ಈಗ ತಿರುಗಿ ಕೇಳಿ ನೋಡಿ. ಕಳೆದ ವಾರ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ 60 ರೂಪಾಯಿಯ ಕರವಸ್ತ್ರ ತಗೊಂಡೆ. ಬಿಲ್ಲಿನ ಹುಡುಗ ಮೊಬೈಲ್ ನಂಬರ್ ಕೇಳಿದ. ಕೊಡುವುದಿಲ್ಲ ಎಂದೆ. "ನಂಬರ್ ಹಾಕದೆ ಸಿಸ್ಟಮ್ ತಗೊಳ್ಳುದಿಲ್ಲ ಸರ್." ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇಯಲ್ಲೇ ಹೇಳಿದೆ. ಸಿಸ್ಟಮ್‌ಗೆ ಅದು ಗೊತ್ತಿರಲಿಕ್ಕಿಲ್ಲ. "ಆಯ್ತು, ನನ್ನದು ಕೊಡ್ತೇನೆ. ನಿನ್ನ ನಂಬರ್ ಹೇಳು" ಎಂದೆ. ಹುಡುಗ ಹೆದರಿ ಎರಡು ಹೆಜ್ಜೆ ಹಿಂದೆ ಹೋದ. "ನನ್ನದು ಪರ್ಸನಲ್ ಅಲ್ವಾ ಸರ್!"

ನಮ್ಮ ಗೇಟಿನಲ್ಲಿಯೂ ಈಗ ಆ್ಯಪ್ ಉಂಟು. ಬಂದವರ ಹೆಸರು, ನಂಬರ್, ಮುಖದ ಪಟ, ಕೆಲಸದವರಾದರೆ ಆಧಾರ್ ಕೂಡ. ಬಂದವರು ಎಂದರೆ ನಡೆದು ಬಂದವರು. ಕಾರಿನಲ್ಲಿ ಬಂದವರಿಗೆ ವಾಚ್‌ಮನ್ ಸಲಾಮು ಹೊಡೆದು ಗೇಟು ತೆರೆಯುತ್ತಾನೆ, ಗ್ಲಾಸು ಇಳಿಸಿ ಎನ್ನಲು ಅವನಿಗೇನು ಹುಚ್ಚಾ? ಇಪ್ಪತ್ತು ವರ್ಷದಿಂದ ಈ ಬೀದಿಗೆ ಮೀನು ತರುವ ಅಕ್ಕನನ್ನು ಮಾತ್ರ ಅವನು ಗೇಟಿನಲ್ಲಿ ನಿಲ್ಲಿಸಿದ. ಫೋನ್ ಎತ್ತಿ ಮುಖಕ್ಕೆ ಹಿಡಿದ.

"ನನ್ನ ಪಟ ತೆಗೆದು ಎಂಥ ಮಾಡ್ಲಿಕ್ಕುಂಟು? ಬಂಗುಡೆಯ ಪಟ ತೆಗಿ, ನಾಲ್ಕು ಜನ ಆದ್ರೂ ಇಳಿದು ಬರ್ತಾರೆ" ಎಂದರು ಅಕ್ಕ. ಬುಟ್ಟಿಯನ್ನು ಗೇಟಿನ ಹೊರಗೆ, ನಾಲ್ಕನೇ ನಂಬರ್ ಕ್ಯಾಮೆರಾ ಎಷ್ಟು ತಿರುಗಿದರೂ ಕಾಣದ ಜಾಗದಲ್ಲಿ ಇಳಿಸಿದರು. ಅಂದಿನಿಂದ 28 ಮನೆಯವರೂ ಪಾತ್ರೆ ಹಿಡಿದು ಅಲ್ಲಿಗೇ ಹೋಗುವುದು. ನಮ್ಮ ಅಸಲಿ ಗ್ರೂಪು ಈಗ ಅದೇ. ಅಡ್ಮಿನ್ ಇಲ್ಲ, ಮೂರನೇ ಮಹಡಿಯ ಹುಡುಗಿಯೂ ಬರುತ್ತಾಳೆ, ನಗುತ್ತಾಳೆ, ಕ್ರಯಕ್ಕೆ ಜಗಳ ಮಾಡುತ್ತಾಳೆ.

ಹಲಸು ಕಾಣೆಯಾದ ಎರಡನೇ ದಿನ. ಜೂನ್ ಒಂದರಿಂದ ಬೋಟು ಬಂದ್ ಎಂದು ಮೀನಿಗೆ ಒಳ್ಳೆ ರಶ್ ಇತ್ತು. ಅಧ್ಯಕ್ಷರೂ ಇಳಿದು ಬಂದಿದ್ದರು. ಕಳ್ಳ ಹೊರಗಿನವನೇ, ಇನ್ನೂ ಎಂಟು ಕ್ಯಾಮೆರಾ ಬೇಕು, ಮನೆಗೆ ಎರಡು ಸಾವಿರ ಕೊಡಬೇಕಾಗುತ್ತದೆ ಎಂದು ವಿವರಿಸುತ್ತಿದ್ದರು. ಅಕ್ಕ ಬಂಗುಡೆ ಎಣಿಸುವುದು ನಿಲ್ಲಿಸಿ ಮೂಗು ಅರಳಿಸಿದರು. ಮೇಲೆ ಎರಡನೇ ಮಹಡಿಯ ಅಡುಗೆಮನೆ ಕಿಟಕಿಯ ಕಡೆ ನೋಡಿದರು.

"ಇವತ್ತು ನಿಮ್ಮಲ್ಲಿ ಹಲಸಿನ ಗಟ್ಟಿಯಾ ಅಣ್ಣ? ಬಾಳೆ ಎಲೆ ಬೆಂದ ಪರಿಮಳ ಇಲ್ಲಿವರೆಗೆ ಬರ್ತಾ ಉಂಟು. ಒಳ್ಳೆ ತುಳುವ ಇರ್ಬೇಕು."

ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ಚಿಲ್ಲರೆ ಸಹ ತಗೊಳ್ಳದೆ ಹೋದರು. ಐದು ನಿಮಿಷ ಕಳೆದು ಎಲ್ಲರ ಫೋನೂ ಒಟ್ಟಿಗೆ ಗುಂಯ್ ಎಂದಿತು. ಗ್ರೂಪಿನಲ್ಲಿ ಅಡ್ಮಿನ್ ಮೆಸೇಜು:

'ಹಲಸಿನ ವಿಚಾರ ಇಲ್ಲಿಗೆ ಮುಗಿದಿದೆ. ಪ್ರತಿಯೊಬ್ಬರ ಮನೆಯ ಖಾಸಗಿತನವನ್ನು ಎಲ್ಲರೂ ಗೌರವಿಸಬೇಕಾಗಿ ವಿನಂತಿ.'