ಸರದಿ ಬೋರ್ಡು, ಬಾಟಲಿ ದುಡ್ಡು

ರಜೆಗೆ ಬೆಂಗಳೂರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ. 'ಜರ್ಮನಿಯಲ್ಲಿ ರಸ್ತೆ ಅಷ್ಟು ಕ್ಲೀನಾಗಿರುತ್ತಂತಲ್ಲ, ಅಲ್ಲಿಯವರಿಗೆ ಹುಟ್ಟಿನಿಂದಲೇ ಶಿಸ್ತು ಅಲ್ವಾ?' ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಫುಟ್‌ಬಾಲ್ ಪಂದ್ಯ ಮುಗಿದ ರಾತ್ರಿ ರೈಲು ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಸಿಗರೇಟು ತುಂಡು, ಪಿಜ್ಜಾ ಡಬ್ಬ, ಎಣ್ಣೆ ಕಾಗದ ಎಲ್ಲ ಬಿದ್ದಿರುತ್ತವೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ಕ್ಯಾನು ಮಾತ್ರ ಹುಡುಕಿದರೂ ಸಿಗುವುದು ಕಷ್ಟ.

ಯಾಕೆಂದರೆ ಅದರ ಮೇಲೆ ದುಡ್ಡಿದೆ. 2003ರಿಂದ ಜರ್ಮನಿಯಲ್ಲಿ ಒಮ್ಮೆ ಕುಡಿದು ಬಿಸಾಡುವ ಬಾಟಲಿ, ಕ್ಯಾನುಗಳಿಗೆ 25 ಸೆಂಟ್, ಅಂದರೆ ಕಾಲು ಯೂರೋ ಠೇವಣಿ ಕಡ್ಡಾಯ. ಬಿಯರ್, ನೀರು, ಸೋಡಾಗಳಿಂದ ಶುರುವಾಗಿ 2022ರಲ್ಲಿ ಜ್ಯೂಸಿಗೂ, 2024ರಲ್ಲಿ ಪ್ಲಾಸ್ಟಿಕ್ ಬಾಟಲಿಯ ಹಾಲಿಗೂ ಬಂತು. ತೊಳೆದು ಮತ್ತೆ ತುಂಬುವ ಬಿಯರ್ ಸೀಸೆಗೆ 8 ಸೆಂಟ್. ಅಗ್ಗದ ಅಂಗಡಿಗಳಲ್ಲಿ ಒಳಗಿನ ನೀರಿಗಿಂತ ಬಾಟಲಿಯ ಠೇವಣಿಯೇ ಜಾಸ್ತಿ ಇದ್ದದ್ದೂ ಉಂಟು. ಹಾಗಾಗಿ ಶೇ 95ಕ್ಕೂ ಹೆಚ್ಚು ಬಾಟಲಿಗಳು ಅಂಗಡಿಗೆ ವಾಪಸ್ ಬರುತ್ತವೆ.

ಸೂಪರ್ ಮಾರ್ಕೆಟ್ಟಿನ ಗೋಡೆಯಲ್ಲಿ ಒಂದು ಗುಂಡನೆಯ ಕಿಂಡಿ. ಬಾಟಲಿಯ ತಳ ಮುಂದೆ ಮಾಡಿ ಒಳಗಿಟ್ಟರೆ ಅದು ಗಿರ್ರನೆ ತಿರುಗುತ್ತದೆ. ಬಾರ್‌ಕೋಡ್ ಯಂತ್ರದ ಕಣ್ಣಿಗೆ ಬೀಳಬೇಕಲ್ಲ. ಬಿದ್ದರೆ ಸರಿ, ಒಳಗೆಲ್ಲೋ ನುಜ್ಜುಗುಜ್ಜಾದ ಸದ್ದು ಕೇಳುತ್ತದೆ. ಲೇಬಲ್ ಹರಿದಿದ್ದರೆ ವಾಪಸ್ ಉಗುಳುತ್ತದೆ. ಕೊನೆಗೆ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ಅದನ್ನು ಗಲ್ಲಾದಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಕಡಿಮೆ. ಶನಿವಾರ ಅದರ ಮುಂದೆ ಕ್ಯೂ. ವಾರವಿಡೀ ಪಾರ್ಟಿ ಮಾಡಿ ದೊಡ್ಡ ಚೀಲ ಹೊತ್ತು ಬಂದ ಕಾಲೇಜು ಹುಡುಗರ ಹಿಂದೆ ನಿಂತರೆ ಮುಗೀತು ಕಥೆ. ಇದರಲ್ಲಿ ಪರಿಸರ ಪ್ರೇಮ ಎಷ್ಟು, ಚಿಲ್ಲರೆ ಪ್ರೇಮ ಎಷ್ಟು ಅಂತ ಯಾರೂ ಲೆಕ್ಕ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ.

ಬಾಟಲಿ ಹೊತ್ತುಕೊಂಡು ಹೋಗಲು ಸೋಮಾರಿತನವಾದವರು ಅದನ್ನು ಕಸದ ಡಬ್ಬಿಯೊಳಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ. ಆಯ್ದುಕೊಳ್ಳುವವರು ಡಬ್ಬಿಯೊಳಗೆ ಕೈ ಹಾಕದಿರಲಿ ಅಂತ. ಒಳ್ಳೆಯ ರೂಢಿಯೇ. ಆದರೆ ಆಯ್ದುಕೊಳ್ಳುವವರಲ್ಲಿ ಪಿಂಚಣಿ ಸಾಲದ ವಯಸ್ಸಾದವರೂ ಇದ್ದಾರೆ. ಟಾರ್ಚ್ ಹಿಡಿದು ಡಬ್ಬಿ ಡಬ್ಬಿ ಇಣುಕುವುದನ್ನು ನೋಡಿದರೆ ಅಷ್ಟು ಶ್ರೀಮಂತ ದೇಶದ ಬಗ್ಗೆ ಹೊಗಳಿಕೆ ಬಾಯಿಗೆ ಬರುವುದಿಲ್ಲ. ಪ್ಯಾಕಿಂಗ್ ಕಸಕ್ಕೆಂದು ಇಟ್ಟ ಹಳದಿ ಡಬ್ಬಿಗೆ ಹಾಕಿದ ಪ್ಲಾಸ್ಟಿಕ್ಕಿನಲ್ಲೂ ಒಂದು ದೊಡ್ಡ ಪಾಲು ಕೊನೆಗೆ ಕುಲುಮೆಗೆ ಹೋಗುತ್ತದೆ, ಒಂದಷ್ಟು ಬೇರೆ ದೇಶಕ್ಕೆ ಸಾಗುತ್ತದೆ. ಇದನ್ನೂ ಹೇಳಲೇಬೇಕು.

ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಚಿಂದಿ ಆಯುವವರು ಯಂತ್ರವೂ ಇಲ್ಲದೆ, ಠೇವಣಿಯೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಹಾಲಿನ ಕವರು, ರಟ್ಟು, ಸೀಸೆ ಎಲ್ಲ ಬೇರೆ ಬೇರೆಯಾಗಿ ಗುಜರಿ ಸೇರುವುದು ಅವರ ಕೈಯಿಂದಲೇ. 2011ರಲ್ಲಿ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ಆಮೇಲೆ ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ಅವರಲ್ಲಿ ಕೆಲವರು ವಾರ್ಡಿನ ಒಣ ಕಸ ಕೇಂದ್ರಗಳನ್ನೇ ನಡೆಸಿದರು. ಈ ವಿಷಯದಲ್ಲಿ ಜರ್ಮನಿಗೆ ನಾವೇ ಪಾಠ ಹೇಳಬಹುದು.

ನಿಯಮಕ್ಕೂ ನಮ್ಮಲ್ಲಿ ಬರವಿಲ್ಲ. 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಲಾರಿ ಹೋಗುವುದು ನಿಂತು ಊರೆಲ್ಲ ನಾರಿದ್ದು ನೆನಪಿರಬೇಕು. 2014ರಲ್ಲಿ ಕಸ ಸುರಿಯುವ ಇನ್ನೊಂದು ಜಾಗ ಮಂಡೂರಿನ ಬಾಗಿಲೂ ಮುಚ್ಚಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್‌ನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಬಿಳಿ ಚೀಲ ಅಂತ ಬಣ್ಣವನ್ನೂ ಗೊತ್ತುಮಾಡಿತು. 2025ರಲ್ಲಿ ಬೀದಿಗೆ ಕಸ ಎಸೆದವರ ಮನೆ ಬಾಗಿಲಿಗೇ ಕಸ ತಂದು ಸುರಿದು ದಂಡವನ್ನೂ ಹಾಕಿದರು. ಟಿವಿಯಲ್ಲಿ ನೋಡಲು ಮಜವಾಗಿತ್ತು. ಅವಮಾನ ಮಾಡಿ ಊರು ಕ್ಲೀನ್ ಮಾಡಬಹುದು ಅನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಕ್ಯಾಮೆರಾ ಇಲ್ಲದ ಗಲ್ಲಿ ಹುಡುಕಿಕೊಳ್ಳುತ್ತಾರೆ, ಅಷ್ಟೇ.

ಸ್ಟುಟ್‌ಗಾರ್ಟ್‌ನಲ್ಲಿ ಇನ್ನೊಂದು ಪದ್ಧತಿ ಇದೆ, ಕೇರ್‌ವೋಖೆ ಅಂತ. ಅಪಾರ್ಟ್‌ಮೆಂಟಿನ ಒಂದೊಂದು ಮನೆಗೆ ಒಂದೊಂದು ವಾರ ಗುಡಿಸುವ ಸರದಿ. ನಿಮ್ಮ ಸರದಿ ಬಂದಾಗ ಬಾಗಿಲ ಹಿಡಿಗೆ ಒಂದು ಪುಟ್ಟ ಬೋರ್ಡು ತೂಗುಬಿದ್ದಿರುತ್ತದೆ. ಮೆಟ್ಟಿಲು ಒರೆಸಬೇಕು, ನೆಲಮಾಳಿಗೆ ಗುಡಿಸಬೇಕು. ಮನೆ ಮುಂದಿನ ಫುಟ್‌ಪಾತನ್ನೂ ಗುಡಿಸಬೇಕು, ಚಳಿಗಾಲದಲ್ಲಿ ಹಿಮ ತೆಗೆಯಬೇಕು. ವಾರ ಮುಗಿದ ಮೇಲೆ ಬೋರ್ಡನ್ನು ಪಕ್ಕದ ಮನೆ ಬಾಗಿಲಿಗೆ ನೇತುಹಾಕಿದರೆ ನೀವು ಪಾರು. 1492ರ ಊರ ಕಟ್ಟಳೆಯಲ್ಲೇ ಇದರ ಬೇರಿದೆ ಎನ್ನುತ್ತಾರೆ. 1988ರಲ್ಲಿ ನಗರಸಭೆಯೇ ವಾರದ ಕಡ್ಡಾಯವನ್ನು ಕೈಬಿಟ್ಟಿತು. ಆದರೂ ಬಾಡಿಗೆ ಕರಾರಿನಲ್ಲಿ ಅದು ಇನ್ನೂ ಉಳಿದಿದೆ. ಕಿರಿಕಿರಿಯೂ ಇಲ್ಲದಿಲ್ಲ. ಕಸ ಇರಲಿ ಬಿಡಲಿ, ಗುಡಿಸಲೇಬೇಕು. ಕೆಳಮನೆಯ ಅಜ್ಜಿ ಪರದೆ ಸರಿಸಿ ನೋಡುತ್ತಿರುತ್ತಾರೆ.

ನನ್ನ ತಕರಾರು ಇಲ್ಲೇ ಇದೆ. ಗುಡಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಮ್ಮ ಈಗಲೂ ಬೆಳಿಗ್ಗೆ ಮನೆ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆ ಬಿಟ್ಟೇ ಕಾಫಿ ಕುಡಿಯುವುದು. ಆದರೆ ರಂಗೋಲಿಯಿಂದ ನಾಲ್ಕು ಹೆಜ್ಜೆ ಆಚೆ ಇರುವ ಟ್ರಾನ್ಸ್‌ಫಾರ್ಮರ್ ಬುಡ ಬೀದಿಯಲ್ಲಿ ಯಾರದ್ದೂ ಅಲ್ಲ. ಗುಡಿಸಿದ ಕಸವೂ ಅಲ್ಲಿಗೇ, ರಾತ್ರಿ ಬೈಕಿನಲ್ಲಿ ಬಂದವರ ಕವರೂ ಅಲ್ಲಿಗೇ. ಅಕ್ಟೋಬರ್ 2ಕ್ಕೆ ಗ್ಲೌಸ್, ಟೋಪಿ, ಬ್ಯಾನರ್ ಸಮೇತ ಶ್ರಮದಾನ ನಡೆಯುತ್ತದೆ, ಫೋಟೋ ಬರುತ್ತದೆ. ದೀಪಾವಳಿ ಹೊತ್ತಿಗೆ ಮತ್ತೆ ಅದೇ ರಾಶಿ. 'ದಿ ಅಗ್ಲಿ ಇಂಡಿಯನ್' ಗುಂಪಿನವರು 2010ರ ಸುಮಾರಿನಿಂದ ಮಾಡುತ್ತಿರುವುದು ಇದಕ್ಕಿಂತ ಬುದ್ಧಿವಂತಿಕೆಯ ಕೆಲಸ. ಕಸ ತೆಗೆದು, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ ಇಟ್ಟು, ಮತ್ತೆ ಕಸ ಹಾಕಲು ಮನಸ್ಸಾಗದಂತೆ ಮಾಡುತ್ತಾರೆ. ಹೆಸರು, ಭಾಷಣ ಯಾವುದೂ ಇಲ್ಲ. ಆದರೆ ಆ ಕುಂಡಕ್ಕೆ ಮುಂದಿನ ವಾರ ನೀರು ಹಾಕುವವರು ಯಾರು? ಆ ಬೀದಿಯ ಹತ್ತು ಮನೆಗಳ ನಡುವೆ ಒಂದು ಸರದಿ ಬೋರ್ಡು ತಿರುಗುವುದಾದರೆ ಈ ಪ್ರಶ್ನೆಯೇ ಏಳುವುದಿಲ್ಲ. ಪೊರಕೆ ಹಿಡಿಯಲೇಬೇಕು ಅಂತಲ್ಲ. ಆ ವಾರ ಬುಡ ನೋಡಿಕೊಳ್ಳುವುದು, ಗಾಡಿ ಬರದಿದ್ದರೆ ಫೋನ್ ಮಾಡುವುದು, ಅಷ್ಟಾದರೂ ಸಾಕು.

ಠೇವಣಿ ಮಾತು ಎತ್ತಿದರೆ 'ಅದೆಲ್ಲ ಇಂಡಿಯಾದಲ್ಲಿ ನಡೆಯಲ್ಲ ಬಿಡಪ್ಪಾ' ಅನ್ನುವ ಉತ್ತರ ರೆಡಿ ಇರುತ್ತದೆ. ಗುಂಡ್ಲುಪೇಟೆ ದಾಟಿ ಬೆಟ್ಟ ಹತ್ತಿದರೆ ನೀಲಗಿರಿ. ಕಾಡಿನಲ್ಲಿ ಒಡೆದ ಸೀಸೆ ಆನೆಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟು ಗಟ್ಟಿಯಾಗಿ ಹೇಳಿದ ಮೇಲೆ 2022ರಲ್ಲಿ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಸೀಸೆ ತಂದಾಗ ವಾಪಸ್ ಕೊಡಲು ಶುರುಮಾಡಿದರು. ಸೀಸೆ ವಾಪಸ್ ಬಂದವು. ಯೋಜನೆ ಬೇರೆ ಜಿಲ್ಲೆಗಳಿಗೂ ಹೋಯಿತು.

ನಮ್ಮಲ್ಲಿ ಚಿಲ್ಲರೆ ಮದ್ಯದಂಗಡಿಗಳು ಬಹುಪಾಲು ಖಾಸಗಿ, ನಿಜ. ಆದರೆ ಸಗಟು ಮದ್ಯವೆಲ್ಲ ಹಾದುಹೋಗುವುದು ಸರ್ಕಾರದ ಒಂದೇ ನಿಗಮದ ಕೈಯಿಂದ, ಠೇವಣಿ ಲೆಕ್ಕ ಅಲ್ಲೇ ಇಡಬಹುದು. ಖಾಲಿ ಸೀಸೆ ಇಡಲು ಜಾಗವಿಲ್ಲ, ಕೆಲಸ ಹೆಚ್ಚಾಯಿತು ಅಂತ ತಮಿಳುನಾಡಿನ ಅಂಗಡಿ ನೌಕರರು ಗಲಾಟೆ ಮಾಡಿದರು. ಇಲ್ಲೂ ಮಾಡುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ಸೀಸೆ ವಾಪಸ್ ಪಡೆಯುವ ಕೆಲಸವನ್ನು ವಾರ್ಡಿನ ಒಣ ಕಸ ಕೇಂದ್ರಕ್ಕೇ ಕೊಟ್ಟು, ಒಂದೊಂದು ಸೀಸೆಗೆ ಇಷ್ಟು ಅಂತ ಅಲ್ಲಿಯವರಿಗೆ ಕೂಲಿ ಗೊತ್ತುಮಾಡಲಿ. ಒಂದೇ ಒಂದು ಜಿಲ್ಲೆಯಲ್ಲಿ ಶುರುವಾಗಲಿ, ಕೊಡಗು ಆದರೂ ಸರಿ, ಚಿಕ್ಕಮಗಳೂರು ಆದರೂ ಸರಿ.