ಗಂಟಲು ಕಟ್ಟಿದೆಯಾ? ಪಿಸುಮಾತೂ ಬೇಡ, ಸುಮ್ನೆ ಆಂಟಿಬಯಾಟಿಕ್ಕೂ ಬೇಡ

“ಧ್ವನಿ ಹೋದರೆ ಪಿಸುಗುಟ್ಟಿ ಮಾತಾಡಿ, ಆಂಟಿಬಯಾಟಿಕ್ ತಗೊಳ್ಳಿ, ಎರಡೇ ದಿನದಲ್ಲಿ ಸರಿ” ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತಿದೆ. ಇದರಲ್ಲಿರುವ ಎರಡೂ ಸಲಹೆ ತಪ್ಪು.

ನಾವು ಮಾತಾಡುವಾಗ ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಕಂಪಿಸುತ್ತವೆ. ಅವು ಊದಿಕೊಂಡರೆ ಸರಿಯಾಗಿ ಕಂಪಿಸಲಾರವು. ಅದಕ್ಕೇ ದನಿ ಒಡೆಯುತ್ತದೆ, ಕೆಲವೊಮ್ಮೆ ಬರೀ ಗಾಳಿ ಹೊರಡುತ್ತದೆ. ಇದೇ ಲ್ಯಾರಿಂಜೈಟಿಸ್. ದಿಢೀರನೆ ಬರುವ ಈ ತೊಂದರೆಗೆ ಹೆಚ್ಚಾಗಿ ನೆಗಡಿಯ ವೈರಸ್ ಕಾರಣ, ಇಲ್ಲವೇ ಕಿರುಚಾಟ. ವೈರಸ್ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ಪಿಸುಮಾತು ಮೆತ್ತಗೆ ಕೇಳಿಸುತ್ತದೆ, ಅಲ್ವಾ? ಆದರೆ ಹಾಗೆ ಮಾತಾಡುವಾಗ ತುಂಬಾ ಜನ ಗಂಟಲನ್ನು ಬಿಗಿ ಹಿಡಿಯುತ್ತಾರೆ. ಆಗ ಧ್ವನಿಪೆಟ್ಟಿಗೆಗೆ ಶ್ರಮ ಇನ್ನೂ ಜಾಸ್ತಿ. ಮಾತಾಡಲೇಬೇಕಿದ್ದರೆ ಸಹಜ ದನಿಯಲ್ಲಿ, ಮೆಲ್ಲಗೆ ಎರಡು ಮಾತು ಆಡಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವನ್ನೂ ಬಿಡಿ, ಅದರಿಂದ ತಂತುಗಳು ಒಂದಕ್ಕೊಂದು ಬಡಿಯುತ್ತವೆ. ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ. ಸಿಗರೇಟು, ಹೊಗೆಯಿಂದ ದೂರವಿರಿ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ವಾಸಿಯಾಗುತ್ತದೆ. 3 ವಾರ ಕಳೆದರೂ ದನಿ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಹೊಟ್ಟೆಯ ಆಮ್ಲ ಮೇಲೆ ಬರುವುದು, ತಂತುಗಳ ಮೇಲಿನ ಗಂಟು, ಅಪರೂಪಕ್ಕೆ ಕ್ಯಾನ್ಸರ್ ಕೂಡ ಕಾರಣವಿರಬಹುದು. ಉಸಿರಾಟಕ್ಕೆ ತೊಂದರೆಯಾದರೆ, ನುಂಗಲು ಆಗದಿದ್ದರೆ, ಕೆಮ್ಮಿದಾಗ ರಕ್ತ ಬಂದರೆ ಅಥವಾ ಮಗು ಉಸಿರೆಳೆಯುವಾಗ ಗೊರಗೊರ ಸದ್ದು ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.