ಅದು ಕಂಡೆನ್ಸರ್ ಅಲ್ಲ ಮಾರಾಯ್ರೇ!

ಈಗ ತಾನೇ ಇನ್ನೊಂದು ಸಿಒ2 ಹೀಟ್ ಪಂಪಿನ (ಕಾರ್ಬನ್ ಡೈಆಕ್ಸೈಡ್ ಬಳಸಿ ಹೊರಗಿನ ಗಾಳಿಯ ಶಾಖ ಹೀರಿ ನೀರು ಕಾಯಿಸೋ ಯಂತ್ರ) ಡ್ರಾಯಿಂಗ್ ಕಣ್ಣಿಗೆ ಬಿತ್ತು. 6 ಕಿಲೋವ್ಯಾಟಿನ ಯಂತ್ರ. ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಮೇಲೆ ದಪ್ಪಕ್ಷರದಲ್ಲಿ 'ಕಂಡೆನ್ಸರ್', ಅಂದ್ರೆ ಅನಿಲ ತಣಿದು ದ್ರವವಾಗೋ ಜಾಗ, ಅಂತ ಬರೆದಿದ್ದಾರೆ. ಪಕ್ಕದಲ್ಲೇ ನೀರಿನ ಹರಿವು: ನಿಮಿಷಕ್ಕೆ 17 ಲೀಟರ್. ಅಲ್ಲಿಗೆ ಮುಗೀತು ಕತೆ.

ಹೆಸರಿಗ್ಯಾಕೆ ಇಷ್ಟು ರಂಪ ಅನ್ನಬೇಡಿ. (ಬಾಯ್ತಪ್ಪಿ ನಾನೂ ಹಾಗೆ ಅಂದಿದ್ದುಂಟು, ಒಪ್ಪಿಕೊಳ್ತೀನಿ.) ಹೆಸರಿನ ಜೊತೆಗೆ ಹಳೇ ಅಭ್ಯಾಸಗಳೂ ಬರ್ತವೆ, ಅದೇ ತೊಂದರೆ. 73.8 ಬಾರ್ ಒತ್ತಡದ ಮೇಲೆ ಸಿಒ2 ಕುದಿಯೋದೂ ಇಲ್ಲ, ಹನಿಗಟ್ಟೋದೂ ಇಲ್ಲ. 100 ಬಾರ್‌ನಲ್ಲಿ ಒಳಗೆ ಬಂದ ಬಿಸಿ ಅನಿಲ ಕೊಳವೆಯ ಉದ್ದಕ್ಕೂ ತಣಿಯುತ್ತಲೇ ಹೋಗುತ್ತೆ. ಅದಕ್ಕೇ ಅದು ಗ್ಯಾಸ್ ಕೂಲರ್. ಕಂಡೆನ್ಸರ್‌ನಲ್ಲಿ ರೆಫ್ರಿಜರೆಂಟ್ (ಯಂತ್ರದೊಳಗೆ ಶಾಖ ಹೊತ್ತು ಸುತ್ತೋ ವಸ್ತು) ಬಹುಪಾಲು ಒಂದೇ ಉಷ್ಣತೆಯಲ್ಲಿ ಇರೋದರಿಂದ ನೀರು ಯಾವ ಕಡೆಯಿಂದ ಹರಿದರೂ ಹೇಗೋ ನಡೆದುಹೋಗುತ್ತೆ. ಇಲ್ಲಿ ಎದುರುಬದುರು ಹರಿಯಲೇಬೇಕು. ನೀರಿನ ಪೈಪ್ ಅದಲುಬದಲಾಯ್ತೋ, ಸಿಒ2 ಹೊರಬರುವಾಗ ಕಾದ ನೀರಿಗಿಂತಲೂ ಬಿಸಿ ಇರುತ್ತೆ!

ಇನ್ನು ಆ 17 ಲೀಟರ್. ಕಂಡೆನ್ಸರ್ ಅಭ್ಯಾಸದಂತೆ ಒಂದು ಸುತ್ತಿಗೆ 5 ಡಿಗ್ರಿ ಏರಿಕೆ ಇಟ್ಟುಕೊಂಡರೆ ಲೆಕ್ಕ ಸರಿಯೇ. ಆದರೆ 10 ಡಿಗ್ರಿ ನೀರನ್ನ ಒಂದೇ ಸುತ್ತಿನಲ್ಲಿ 65ಕ್ಕೆ ಏರಿಸೋಕೆ ನಿಮಿಷಕ್ಕೆ 1.6 ಲೀಟರ್ ಸಾಕು. ಹತ್ತು ಪಟ್ಟು ನೀರು ನುಗ್ಗಿಸಿದರೆ ಟ್ಯಾಂಕಿನಲ್ಲಿ ಮೇಲಿನ ಬಿಸಿ, ಕೆಳಗಿನ ತಣ್ಣೀರು ಎರಡೂ ಕಲಸಿಹೋಗಿ 45 ಡಿಗ್ರಿಯ ನೀರು ವಾಪಸ್ ಬರುತ್ತೆ. ಸಿಒ2 ಅದಕ್ಕಿಂತ ಕೆಳಗೆ ತಣಿಯೋದು ಸಾಧ್ಯವೇ ಇಲ್ಲ. ಇವ್ಯಾಪೊರೇಟರ್ (ಹೊರಗಿನ ಗಾಳಿಯಿಂದ ಶಾಖ ಹೀರೋ ಭಾಗ) 0 ಡಿಗ್ರಿಯಲ್ಲಿದ್ದಾಗ, 20 ಡಿಗ್ರಿಗೆ ತಣಿದ ಸಿಒ2ಗೆ ಹೋಲಿಸಿದರೆ 45ರಲ್ಲಿ ಹೊರಟದ್ದು ಪ್ರತಿ ಕಿಲೋಗೆ ಅಲ್ಲಿ ಹೀರೋ ಶಾಖ ಅರ್ಧಕ್ಕೂ ಕಡಿಮೆ. ಕಂಪ್ರೆಸರ್ ಮಾತ್ರ ಅಷ್ಟೇ ಕರೆಂಟ್ ತಿನ್ನುತ್ತೆ.

"ದೊಡ್ಡ ಎಕ್ಸ್‌ಚೇಂಜರ್ ಹಾಕಿದ್ರಾಯ್ತಲ್ಲ?" ಹಾಕಿ, ದುಡ್ಡು ನಿಮ್ಮದು. ಸಿಒ2 ಹೊರಹೋಗುವ ಮತ್ತು ನೀರು ಒಳಬರುವ ಉಷ್ಣತೆಗಳ ನಡುವಿನ 5 ಡಿಗ್ರಿ ಅಂತರ 2ಕ್ಕೆ ಇಳಿದೀತು. 45ರ ನೀರು 45ರಲ್ಲೇ ಇರುತ್ತೆ.

ಕೈ ಹಾಕೋ ಮುಂಚೆ ಆ ಎರಡು ಪೈಪ್‌ಗಳಿಗೆ, ಅಂದ್ರೆ ಸಿಒ2 ಹೊರಹೋಗೋದಕ್ಕೂ ನೀರು ಒಳಬರೋದಕ್ಕೂ, ಎರಡು ಉಷ್ಣತೆಯ ಸೆನ್ಸರ್ ಕಟ್ಟಿ, ಮೇಲೆ ಇನ್ಸುಲೇಶನ್ ಸುತ್ತಿ. ಅಂತರ 2ರಿಂದ 5 ಡಿಗ್ರಿ ಇದ್ದರೆ ಎಕ್ಸ್‌ಚೇಂಜರ್ ನಿರಪರಾಧಿ, ಟ್ಯಾಂಕ್ ಮತ್ತು ಪಂಪ್ ನೋಡಿ. ತಣ್ಣೀರು ಬರುತ್ತಿದ್ದರೂ 10 ದಾಟಿದರೆ ಮೊದಲು ಒತ್ತಡ ನೋಡಿ. 80 ಬಾರ್‌ನಲ್ಲಿ ಸಿಒ2 ತನ್ನ ಶಾಖದ ದೊಡ್ಡ ಪಾಲನ್ನ 35 ಡಿಗ್ರಿಯ ಆಸುಪಾಸಿನಲ್ಲೇ ಬಿಡುತ್ತೆ. ಅಲ್ಲಿ, ಎಕ್ಸ್‌ಚೇಂಜರಿನ ನಟ್ಟನಡುವೆ, ನೀರಿಗೂ ಅದಕ್ಕೂ ಉಷ್ಣತೆಯ ವ್ಯತ್ಯಾಸವೇ ಉಳಿಯಲ್ಲ; ಎರಡು ತುದಿ ಅಳೆದರೆ ಕಾರಣ ಇದೇ ಅಂತ ಗೊತ್ತೂ ಆಗಲ್ಲ. 100 ಬಾರ್‌ಗೆ ಏರಿಸಿದರೆ ಆ ಜಾಗ 45ರ ಹತ್ತಿರ ಸರಿದು ಉಸಿರಾಡೋಕೆ ಜಾಗ ಸಿಗುತ್ತೆ. ಒತ್ತಡ ಸರಿಯಿದ್ದೂ ಅಂತರ ಇಳಿಯದಿದ್ದರೆ ನೀರಿನ ಕಡೆ ಸುಣ್ಣ ಕಟ್ಟಿರಬೇಕು, ಇಲ್ಲಾ ಸಿಒ2 ಕಡೆ ಕಂಪ್ರೆಸರ್ ಆಯಿಲ್ ಮೆತ್ತಿರಬೇಕು. ಸುಣ್ಣಕ್ಕೆ ಸಿಟ್ರಿಕ್ ಆ್ಯಸಿಡ್ ಇದೆ.

ಡ್ರಾಯಿಂಗ್ ಮೇಲಿನ ಆ ಹೆಸರಿಗೆ ವೈಟ್ನರ್ ಸಾಕು.